ನಾವು ಅವರ ಥರ ಅಲ್ಲ

ನೊಂದವರ ನೋವು ನೊಂದವರಿಗೇ ಗೊತ್ತು ಅನ್ನುತ್ತಾರೆ. ಈ ಮಾತು ಅರ್ಧ ನಿಜ. ನೊಂದವರಿಗೆ ತಮ್ಮ ನೋವು ಚೆನ್ನಾಗಿ ಗೊತ್ತಿರುತ್ತದೆ. ಪಕ್ಕದಲ್ಲೇ ನಿಂತ ಇನ್ನೊಬ್ಬರ ನೋವೂ ಅರ್ಥವಾಗುತ್ತದೆ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಒಂದು ಕಾಲು ಸೊರಗಿದೆ. ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಹಾಗಾಗಿ ಅಂಗವಿಕಲರ ಸಂಘಗಳಲ್ಲಿ, ಸಭೆಗಳಲ್ಲಿ ನನ್ನ ಬದುಕಿನ ದೊಡ್ಡ ಭಾಗ ಕಳೆದಿದೆ. ಅಲ್ಲಿ ಸಿಕ್ಕ ಧೈರ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಲ್ಲೇ ಒಂದು ಮಾತನ್ನೂ ಪದೇ ಪದೇ ಕೇಳಿದ್ದೇನೆ. "ನಾವು ಅವರ ಥರ ಅಲ್ಲ." ಊರುಗೋಲು ಹಿಡಿದವರು ಗಾಲಿಕುರ್ಚಿಯಲ್ಲಿ ಕೂತವರ ಬಗ್ಗೆ ಹೇಳುತ್ತಾರೆ. ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರು ಹುಟ್ಟಿನಿಂದಲೇ ಹಾಗಿರುವವರ ಬಗ್ಗೆ ಹೇಳುತ್ತಾರೆ. ಕೆಲಸದಲ್ಲಿರುವವರು ಬೇಡಿ ತಿನ್ನುವವರ ಬಗ್ಗೆ ಹೇಳುತ್ತಾರೆ. ಬೌದ್ಧಿಕ ವೈಕಲ್ಯ ಇರುವವರ ಬಗ್ಗೆ, ಮಾನಸಿಕ ಕಾಯಿಲೆ ಇರುವವರ ಬಗ್ಗೆ ಮಾತ್ರ ಎಲ್ಲರೂ ಸೇರಿ ಹೇಳುತ್ತಾರೆ.

ಹೀಗೆ ಹೇಳುವವರು ಕೆಟ್ಟವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ನನ್ನ ಆಪ್ತರು. ಬೇರೆಯವರ ಕಷ್ಟಕ್ಕೆ ಮಧ್ಯರಾತ್ರಿ ಎದ್ದು ಬರುವವರು. ಅವಮಾನ ಅಂದರೆ ಏನು ಅಂತ ಅವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಅಂಥವರ ಬಾಯಲ್ಲೇ ಈ ಮಾತು ಇಷ್ಟು ಸಲೀಸಾಗಿ ಹೇಗೆ ಬರುತ್ತದೆ ಅನ್ನುವುದೇ ನನ್ನನ್ನು ಕಾಡುವುದು.

ಅರ್ಜಿಯ ಮೊದಲ ಸಾಲು

ಕೆಲವು ವರ್ಷಗಳ ಹಿಂದೆ ನಾವೊಂದಷ್ಟು ಜನ ಸೇರಿ ಬೇಡಿಕೆಗಳ ಅರ್ಜಿಯೊಂದನ್ನು ಬರೆಯುತ್ತಿದ್ದೆವು. ಕಟ್ಟಡಗಳಿಗೆ ಇಳಿಜಾರು ದಾರಿ ಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು, ನೇಮಕಾತಿಯಲ್ಲಿ ನಮ್ಮನ್ನು ಸುಮ್ನೆ ತಳ್ಳಿಹಾಕಬಾರದು. ಬೇಡಿಕೆಗಳ ಬಗ್ಗೆ ತಕರಾರಿರಲಿಲ್ಲ. ಮೊದಲ ಸಾಲು ಏನಿರಬೇಕು ಅನ್ನುವಲ್ಲಿ ಮಾತು ನಿಂತಿತು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಹೇಳಿದರು: "ಹೀಗೆ ಬರೆಯಿರಿ. ನಮ್ಮ ದೇಹ ಮಾತ್ರ ದುರ್ಬಲ, ಬುದ್ಧಿಯಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ." ತುಂಬಾ ಜನ ತಲೆಯಾಡಿಸಿದರು. ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಒಬ್ಬ ತಾಯಿ ಕೂತಿದ್ದರು. ಪಕ್ಕದಲ್ಲಿ ಅವರ ಮಗ. ಇಪ್ಪತ್ತರ ಆಸುಪಾಸಿನ ಹುಡುಗ, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬೌದ್ಧಿಕ ವೈಕಲ್ಯ. ಸಭೆಗೆ ಕೊಟ್ಟ ಹಾಳೆಯನ್ನು ಅವನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದ, ಉಗುರಿನಿಂದ ಗೆರೆ ಎಳೆದು ಮತ್ತೆ ಬಿಚ್ಚುತ್ತಿದ್ದ. ಆ ತಾಯಿ ಕೈ ಎತ್ತಿದರು. ಜಗಳಕ್ಕೆ ಬಂದವರ ದನಿ ಅದಾಗಿರಲಿಲ್ಲ. "ಹಾಗೆ ಬರೆದರೆ ನನ್ನ ಮಗ ಈ ಅರ್ಜಿಯಲ್ಲಿ ಇದ್ದಾನಾ ಇಲ್ವಾ?" ಅಂತ ಕೇಳಿದರು. ಯಾರೋ "ಅಯ್ಯೋ, ಇದ್ದಾನೆ ಅಮ್ಮ, ಎಲ್ಲರೂ ಇದ್ದಾರೆ" ಅಂದರು. ಇನ್ನೊಬ್ಬರು, "ಅವರ ವಿಷಯಕ್ಕೆ ಬೇರೆ ಅರ್ಜಿ ಕೊಡೋಣ, ಎರಡನ್ನೂ ಸೇರಿಸಿದರೆ ಓದುವವರಿಗೆ ಗೊಂದಲ ಆಗುತ್ತೆ" ಅಂದರು. ಆ ಸಾಲು ಬೇಡ ಅಂತ ನಾನು ವಾದಿಸಿದೆ. ಇನ್ನೂ ಕೆಲವರು ನನ್ನ ಜೊತೆಗಿದ್ದರು. ಕೈ ಎತ್ತಿಸಿ ಎಣಿಸಿದಾಗ ನಾವು ಕಡಿಮೆ ಇದ್ದೆವು. ಸಾಲು ಹಾಗೇ ಉಳಿಯಿತು.

ಆದರೆ ಆ ಸಾಲು ಹೇಳಿಕೊಟ್ಟವರ ಕಥೆಯನ್ನೂ ಹೇಳಬೇಕು. ಅದನ್ನು ಬಿಟ್ಟರೆ ಅನ್ಯಾಯ. ಅವರಿಗೆ ಸೆರೆಬ್ರಲ್ ಪಾಲ್ಸಿ. ಮಾತು ತೊದಲುತ್ತದೆ, ಮುಖದ ಸ್ನಾಯುಗಳು ಹಿಡಿತಕ್ಕೆ ಸಿಗುವುದಿಲ್ಲ. ಸ್ನಾತಕೋತ್ತರ ಪದವಿ ಮಾಡಿದ್ದಾರೆ, ಲೆಕ್ಕದಲ್ಲಿ ಗಟ್ಟಿಗರು. ಆದರೂ ಯಾವ ಕೌಂಟರಿಗೆ ಹೋದರೂ ಒಳಗಿರುವವರು ಇವರನ್ನು ಬಿಟ್ಟು ಜೊತೆಗೆ ಬಂದವರನ್ನು ಕೇಳುತ್ತಾರೆ: "ಇವರಿಗೆ ಏನು ಬೇಕಂತೆ?" ಶಾಲೆಗೆ ಸೇರಿಸುವಾಗಲೇ "ಈ ಮಗುವಿಗೆ ತಲೆಗೆ ಹತ್ತುವುದಿಲ್ಲ" ಅಂತ ವಾಪಸ್ ಕಳಿಸಿದ್ದರು. ಇಡೀ ಬದುಕು ಅವರು "ನನಗೆ ಬುದ್ಧಿ ಇದೆ" ಅಂತ ಸಾಬೀತು ಮಾಡುತ್ತಲೇ ಬಂದಿದ್ದಾರೆ. ಆ ಸಾಲು ಅವರ ಪಾಲಿಗೆ ಗಾಯದ ಮೇಲಿನ ಬಟ್ಟೆ. ಅದನ್ನು ಕಿತ್ತುಹಾಕಿ ಅಂತ ಹೇಳುವುದು ನನಗೆ ಸುಲಭ, ಯಾಕೆಂದರೆ ನನ್ನ ತಲೆಯ ಬಗ್ಗೆ ಯಾರೂ ಅನುಮಾನ ಪಟ್ಟಿಲ್ಲ. ಸಭೆ ಮುಗಿದ ಮೇಲೆ ಅವರು ನನಗೆ ಇದನ್ನೇ ಹೇಳಿದರು.

ಆದರೂ ನನ್ನ ಉತ್ತರ ಬದಲಾಗಿಲ್ಲ. ಕೌಂಟರಿನಲ್ಲಿ ನಡೆದ ತಪ್ಪು ಯಾವುದು? ಬುದ್ಧಿ ಇರುವವರನ್ನು ಬುದ್ಧಿ ಇಲ್ಲದವರು ಅಂತ ತಿಳಿದದ್ದಷ್ಟೇನಾ? ಒಂದು ವೇಳೆ ಅವರಿಗೆ ನಿಜವಾಗಿಯೂ ಬೇಗ ಅರ್ಥವಾಗುತ್ತಿರಲಿಲ್ಲ ಅಂತಿಟ್ಟುಕೊಳ್ಳಿ. ಆಗ ಅವರ ಮುಖ ನೋಡದೆ ಪಕ್ಕದವರನ್ನು ಕೇಳುವುದು ಸರಿಯಾಗುತ್ತಿತ್ತಾ? "ನಮ್ಮನ್ನು ತಪ್ಪಾಗಿ ಆ ಗುಂಪಿಗೆ ಸೇರಿಸಿದ್ದೀರಿ" ಅಂತ ದೂರು ಕೊಟ್ಟಾಗ, ಆ ಗುಂಪಿನವರನ್ನು ಹಾಗೆ ನಡೆಸಿಕೊಳ್ಳಬಹುದು ಅಂತ ಒಪ್ಪಿಕೊಂಡ ಹಾಗೆ ಅಲ್ವಾ?

ಗುಂಪಿನೊಳಗಿನ ತಾತ್ಸಾರ ಜಾಸ್ತಿ ಬಾರಿ ಹುಟ್ಟುವುದು ಇಲ್ಲೇ, ಗೌರವ ಕೇಳುವ ಅರ್ಜಿಯಲ್ಲೇ ಅಂತ ನನಗೆ ಅನಿಸುತ್ತದೆ. ಬಹುಸಂಖ್ಯಾತರ ಕೈಯಲ್ಲಿ ಒಂದು ಅಳತೆಗೋಲು ಇರುತ್ತದೆ. ಅದು ಸರಿಯಿಲ್ಲ ಅಂತ ಹೇಳುವುದು ಕಷ್ಟದ ದಾರಿ, ಕೇಳುವವರು ಕಡಿಮೆ. "ಅದೇ ಕೋಲಿನಿಂದ ಅಳೆದು ನೋಡಿ, ನಾವು ಪಾಸಾಗುತ್ತೇವೆ" ಅಂತ ಹೇಳುವುದು ಸುಲಭ. ಹಾಗೆ ಪಾಸಾಗಬೇಕಾದರೆ ನಪಾಸಾದವರು ಯಾರಾದರೂ ಹಿಂದೆ ಇರಲೇಬೇಕಾಗುತ್ತದೆ.

1970ರಲ್ಲಿ ಜಾನ್ ಟ್ರಿಂಗೋ ಎಂಬ ಸಂಶೋಧಕರು ಬೇರೆ ಬೇರೆ ಕಾಯಿಲೆ, ವೈಕಲ್ಯಗಳ ಪಟ್ಟಿ ಕೊಟ್ಟು, ಅಂಥವರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ ಅಂತ ಜನರನ್ನು ಕೇಳಿದ್ದರು. ಅಸ್ತಮಾ, ಸಕ್ಕರೆ ಕಾಯಿಲೆ ಇರುವವರು ಮೇಲಿನ ಸ್ಥಾನಗಳಲ್ಲಿ ಬಂದರು. ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ ಇರುವವರು ತಳಕ್ಕೆ ಹೋದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಇಂಥದ್ದೇ ಮೇಲು ಕೀಳು ಅಂಗವಿಕಲರ ಮನಸ್ಸಿನಲ್ಲೂ ಇದೆಯಲ್ಲ ಅಂತ 2003ರಲ್ಲಿ ಮಾರ್ಕ್ ಡೀಲ್ ಬರೆದರು. ಅದನ್ನು ಓದಿದಾಗ ನನಗೆ ಆ ಸಭೆಯ ಚಪ್ಪಾಳೆಯೇ ಕೇಳಿಸಿತು.

ಎರಡು ಕೈಯ ಸನ್ನೆ

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಮೆರಿಕದ ಕಿವುಡರ ಚರಿತ್ರೆಯ ಮುಂದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ತುಟಿ ಓದುವುದನ್ನು, ಬಾಯಲ್ಲಿ ಮಾತಾಡುವುದನ್ನು ಮಾತ್ರ ಕಲಿಸಿ ಅಂತ ಅಲ್ಲಿ ನಿರ್ಣಯವಾಯಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆಮೇಲೆ ತಲೆಮಾರುಗಟ್ಟಲೆ ಮಕ್ಕಳು ಸನ್ನೆ ಮಾಡಿದರೆ ಏಟು ತಿಂದರು. ಅದೇ 1880ರಲ್ಲಿ ಅಮೆರಿಕದ ಕಿವುಡರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ನಮ್ಮ ಬಗ್ಗೆ ನಾವೇ ಮಾತಾಡುತ್ತೇವೆ, ನಮ್ಮ ಭಾಷೆಯನ್ನು ನಾವೇ ಉಳಿಸಿಕೊಳ್ಳುತ್ತೇವೆ ಅನ್ನುವ ಹಟದ ಸಂಘ ಅದು. ಆ ಹಟಕ್ಕೆ ನಾನು ಇವತ್ತೂ ಕೈ ಮುಗಿಯುತ್ತೇನೆ.

ಇದೇ ಸಂಘ 1925ರಲ್ಲಿ ಕಪ್ಪು ಜನಾಂಗದ ಕಿವುಡರಿಗೆ ಸದಸ್ಯತ್ವ ಇಲ್ಲ ಅಂತ ಬಾಗಿಲು ಹಾಕಿತು. ಆ ಬಾಗಿಲು ಮತ್ತೆ ತೆರೆಯಲು 1965 ಬರಬೇಕಾಯಿತು. 40 ವರ್ಷ. ಈ ಸಂಘದವರೇ 20ನೇ ಶತಮಾನದ ಮಧ್ಯಭಾಗದಲ್ಲಿ ಇನ್ನೊಂದು ಗುಂಪಿನ ಮೇಲೂ ಮುಗಿಬಿದ್ದರು. ಬೆರಳಿನಲ್ಲಿ ತೋರಿಸುವ ಅಕ್ಷರಮಾಲೆ ಅಚ್ಚಾದ ಪುಟ್ಟ ಕಾರ್ಡುಗಳನ್ನು ಹಂಚಿ ದುಡ್ಡು ಕೇಳುತ್ತಿದ್ದ ಕಿವುಡರು ಅವರು. ನಾವು ದುಡಿಯುವವರು, ತೆರಿಗೆ ಕಟ್ಟುವವರು, ಇವರಿಂದ ನಮಗೆಲ್ಲ ಕೆಟ್ಟ ಹೆಸರು ಅನ್ನುವುದು ಸಂಘದ ವಾದ. ಕೆಲವರನ್ನು ದಲ್ಲಾಳಿಗಳು ಶೋಷಿಸುತ್ತಿದ್ದರು ಅನ್ನುವುದೂ ನಿಜ. ಆದರೆ ಪ್ರಚಾರದ ಬಿಸಿ ಹೆಚ್ಚಾಗಿ ತಟ್ಟಿದ್ದು ಬೀದಿಯಲ್ಲಿ ಕಾರ್ಡು ಹಿಡಿದು ನಿಂತವರಿಗೆ.

ಅತ್ತ ಜನಾಂಗಗಳನ್ನು ಬೇರೆ ಮಾಡಿದ ರಾಜ್ಯಗಳಲ್ಲಿ ಕಪ್ಪು ಕಿವುಡ ಮಕ್ಕಳಿಗೆ ಬೇರೆಯೇ ಶಾಲೆಗಳಿದ್ದವು. ಅಲ್ಲಿ ನಡೆದದ್ದು ಯೋಚನೆಗೆ ಹಚ್ಚುತ್ತದೆ. ಮಾತು ಕಲಿಸುವ ದುಬಾರಿ ಪದ್ಧತಿಯನ್ನು ಈ ಶಾಲೆಗಳಿಗೆ ತರಲು ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಹಾಗಾಗಿ ಬಿಳಿಯರ ಶಾಲೆಗಳಲ್ಲಿ ಸನ್ನೆ ಭಾಷೆ ಏಟು ತಿನ್ನುತ್ತಿದ್ದಾಗ ಇಲ್ಲಿ ಅದು ಬದುಕಿ ಉಳಿಯಿತು. ಹಳೆಯ ರೂಪದಲ್ಲೇ ಉಳಿಯಿತು. ಬಿಳಿಯರು ಒಂದೇ ಕೈಗೆ ಇಳಿಸಿದ್ದ ಎಷ್ಟೋ ಸನ್ನೆಗಳನ್ನು ಇವರು ಎರಡೂ ಕೈಯಿಂದ ಮಾಡುತ್ತಿದ್ದರು. ಹಣೆಯ ಹತ್ತಿರ ಮಾಡುವ ಸನ್ನೆಯನ್ನು ಬಿಳಿಯರು ಕೆಳಗಿಳಿಸಿದ್ದರೆ ಇವರು ಹಣೆಯಲ್ಲೇ ಮಾಡುತ್ತಿದ್ದರು. ಕೈ ಬೀಸುವ ಜಾಗವೂ ದೊಡ್ಡದು.

ಆಮೇಲೆ ಶಾಲೆಗಳು ಒಂದಾದವು. ಕ್ಯಾರೊಲಿನ್ ಮ್ಯಾಕಾಸ್ಕಿಲ್ 1968ರಲ್ಲಿ, ಹದಿಹರೆಯದಲ್ಲಿ, ಅಲಬಾಮಾದ ಕಪ್ಪು ಕಿವುಡರ ಶಾಲೆಯಿಂದ ಬಿಳಿಯರ ಶಾಲೆಗೆ ಬಂದರು. ಅಲ್ಲಿನ ಶಿಕ್ಷಕರ ಸನ್ನೆ ಅವರಿಗೆ ಅರ್ಥವೇ ಆಗಲಿಲ್ಲ. ಅವರು ತಮ್ಮ ಸನ್ನೆಗಳನ್ನು ಪಕ್ಕಕ್ಕಿಟ್ಟು ಅಲ್ಲಿನ ಸನ್ನೆಗಳನ್ನು ಕಲಿತರು. ಅವರ ಹಾಗೆ ಎಷ್ಟೋ ಮಕ್ಕಳು ತಮ್ಮದು ಕೀಳು ಸನ್ನೆ ಅಂತಲೇ ತಿಳಿದು ಬೆಳೆದರು. ಮುಂದೆ ಇದೇ ಮ್ಯಾಕಾಸ್ಕಿಲ್ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ, ಸಂಗಡಿಗರ ಜೊತೆ ಕಪ್ಪು ಕಿವುಡರ ಸನ್ನೆ ಭಾಷೆಯ ಅಧ್ಯಯನ ನಡೆಸಿದರು. ಅದು 2011ರಲ್ಲಿ ಪುಸ್ತಕವಾಗಿ ಬಂತು. ಸನ್ನೆ ಮಾಡಿದ್ದಕ್ಕೆ ತಾವೇ ಅವಮಾನ ಉಂಡ ಸಮುದಾಯ ಬಿಳಿ ಕಿವುಡರದು. ಇನ್ನೊಬ್ಬರ ಸನ್ನೆ ನೋಡಿ ಅದೂ ಮೂಗು ಮುರಿಯಿತಲ್ಲ!

ಆಂಡ್ರ್ಯೂ ಫಾಸ್ಟರ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಸಂಘ ಬಾಗಿಲು ಹಾಕಿದ ಅದೇ 1925ರಲ್ಲಿ ಅಲಬಾಮಾದಲ್ಲಿ ಹುಟ್ಟಿದರು. 1954ರಲ್ಲಿ ಗ್ಯಾಲಡೆಟ್‌ನಿಂದ ಪದವಿ ಪಡೆದರು. ಅಲ್ಲಿಂದ ಪದವಿ ಪಡೆದ ಮೊದಲ ಕಪ್ಪು ಕಿವುಡ ವಿದ್ಯಾರ್ಥಿ ಅಂತ ಅವರನ್ನು ಗುರುತಿಸುತ್ತಾರೆ. 1957ರಲ್ಲಿ ಘಾನಾಕ್ಕೆ ಹೋಗಿ ಕಿವುಡ ಮಕ್ಕಳ ಶಾಲೆ ತೆರೆದರು. ಮುಂದೆ ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲಿ 30ಕ್ಕೂ ಹೆಚ್ಚು ಶಾಲೆಗಳನ್ನು ಕಟ್ಟಿದರು. ಈ ಕೆಲಸ ಶುರುವಾಗಿ ವರ್ಷಗಳೇ ಕಳೆದರೂ ತಮ್ಮದೇ ದೇಶದ ಕಿವುಡರ ಸಂಘದಲ್ಲಿ ಅವರಂಥವರಿಗೆ ಜಾಗ ಇರಲಿಲ್ಲ. ಹೀಗೆ ಬಾಗಿಲು ಹಾಕಿದ್ದರಿಂದ ಸಂಘಕ್ಕೇ ಎಷ್ಟು ನಷ್ಟವಾಯಿತು ಅಂತ ಯಾರಾದರೂ ಲೆಕ್ಕ ಹಾಕಬೇಕು.

ಒಬ್ಬರ ಹಿಂದೆ ಒಬ್ಬರು

ಈ ತಳ್ಳಾಟ ಒಂದೇ ಮೆಟ್ಟಿಲಿಗೆ ನಿಲ್ಲುವುದಿಲ್ಲ. 1913ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಮತದಾನದ ಹಕ್ಕಿಗಾಗಿ ಮಹಿಳೆಯರ ದೊಡ್ಡ ಮೆರವಣಿಗೆ ನಡೆಯಿತು. ಕಪ್ಪು ಮಹಿಳೆಯರು ಹಿಂದೆ ನಡೆಯಲಿ, ಇಲ್ಲದಿದ್ದರೆ ದಕ್ಷಿಣದ ರಾಜ್ಯಗಳ ಬಿಳಿ ಮಹಿಳೆಯರು ಬರುವುದಿಲ್ಲ ಅಂತ ಮಾತಾಯಿತು. ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪಲಿಲ್ಲ. ಗುಂಪಿನಲ್ಲಿ ಕಾದು ನಿಂತು, ತಮ್ಮ ಇಲಿನಾಯ್ ರಾಜ್ಯದ ತಂಡ ಬಂದಾಗ ನೇರವಾಗಿ ಹೋಗಿ ಅದರೊಳಗೆ ಸೇರಿಕೊಂಡರು. ಅರ್ಧ ಶತಮಾನದ ನಂತರ ಅದೇ ನಗರದಲ್ಲಿ ಕಪ್ಪು ಜನರ ಹಕ್ಕಿಗಾಗಿ 1963ರ ಮಹಾ ಮೆರವಣಿಗೆ ನಡೆಯಿತು. ಅದರ ಪೂರ್ತಿ ವ್ಯವಸ್ಥೆ ಮಾಡಿದ್ದು ಬೇಯರ್ಡ್ ರಸ್ಟಿನ್. ಅವರು ಗೇ ಅನ್ನುವುದು ಚಳವಳಿಗೆ ಮುಜುಗರ ತಂದೀತು ಅಂತ ನಾಯಕರೇ ಹಿಂಜರಿದರು. ಹಿರಿಯ ನಾಯಕ ಎ. ಫಿಲಿಪ್ ರಾಂಡಾಲ್ಫ್ ಮುಖ್ಯಸ್ಥನ ಹೆಸರನ್ನು ತಾವಿಟ್ಟುಕೊಂಡು ರಸ್ಟಿನ್ ಅವರನ್ನು ಉಪಮುಖ್ಯಸ್ಥ ಅಂತ ಇಟ್ಟುಕೊಂಡರು. ಆ ವೇದಿಕೆಯಲ್ಲಿ ಮುಖ್ಯ ಭಾಷಣ ಮಾಡುವ ಅವಕಾಶ ಯಾವ ಮಹಿಳೆಗೂ ಸಿಗಲಿಲ್ಲ. ಡೇಸಿ ಬೇಟ್ಸ್ ಕೆಲವೇ ಮಾತು ಹೇಳಿದರು, ಅಷ್ಟೇ.

ನ್ಯೂಯಾರ್ಕ್‌ನ ಕಥೆಯಲ್ಲಿ ಈ ಸರಣಿ ಇನ್ನೂ ಸ್ಪಷ್ಟ. 1969ರ ಸುಮಾರಿಗೆ ಸ್ತ್ರೀವಾದಿ ನಾಯಕಿ ಬೆಟ್ಟಿ ಫ್ರೀಡನ್ ಲೆಸ್ಬಿಯನ್ನರನ್ನು ಮಹಿಳಾ ಚಳವಳಿಗೆ ಅಪಾಯ ಅಂತ ಕಂಡು "ಲ್ಯಾವೆಂಡರ್ ಮೆನೇಸ್" (ತಿಳಿನೇರಳೆ ಅಪಾಯ) ಅಂತ ಕರೆದರು. ಮಹಿಳೆಯರ ಬೇಡಿಕೆಯನ್ನು ಜನ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನ್ನುವ ಭಯ. 1970ರಲ್ಲಿ ಮಹಿಳೆಯರ ಸಮ್ಮೇಳನವೊಂದಕ್ಕೆ ಲೆಸ್ಬಿಯನ್ನರು ನುಗ್ಗಿ, ತಮಗೆ ಅಂಟಿಸಿದ ಆ ಬಿರುದನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ನಿಂತರು. ಮೂರು ವರ್ಷ ಬಿಟ್ಟು, 1973ರಲ್ಲಿ, ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಭೆ. ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೇರಾ ಮೈಕ್ ಹಿಡಿದು, ಜೈಲಿನಲ್ಲಿ ಕೊಳೆಯುತ್ತಿರುವ ನಮ್ಮವರ ಬಗ್ಗೆ ನಿಮಗೆ ಚಿಂತೆಯೇ ಇಲ್ಲವಾ ಅಂತ ಕೂಗಿ ಕೇಳಿದರು. ಗುಂಪು ಅವರನ್ನು ಗೇಲಿ ಮಾಡಿ ಕೂಗಿತು. ಅದೇ ವೇದಿಕೆಯಲ್ಲಿ ಲೆಸ್ಬಿಯನ್ ನಾಯಕಿ ಜೀನ್ ಒಲಿಯರಿ, ಹೆಣ್ಣಿನ ಉಡುಪು ತೊಟ್ಟು ಬರುವವರು ಹೆಂಗಸರನ್ನು ಅಣಕಿಸುತ್ತಿದ್ದಾರೆ ಅಂತ ಟೀಕಿಸಿದರು. ಸ್ತ್ರೀವಾದಿಗಳು ನಮ್ಮನ್ನು ಹೊರಗಿಟ್ಟರು ಅಂತ ದೂರುತ್ತಲೇ ನಾನೂ ಇನ್ನೊಬ್ಬರನ್ನು ಹೊರಗಿಟ್ಟೆನಲ್ಲ ಅಂತ ಒಲಿಯರಿ ಮುಂದೆ ತುಂಬಾ ನೊಂದುಕೊಂಡರು. ಫ್ರೀಡನ್ ಕೂಡ ಬದಲಾದರು. 1977ರಲ್ಲಿ ಹ್ಯೂಸ್ಟನ್‌ನ ಮಹಿಳಾ ಸಮ್ಮೇಳನದಲ್ಲಿ ಲೆಸ್ಬಿಯನ್ನರ ಹಕ್ಕಿನ ನಿರ್ಣಯವನ್ನು ಬೆಂಬಲಿಸಿ ಎದ್ದು ಮಾತಾಡಿದರು. ಇಂಥ ಬದಲಾವಣೆ ನೋಡಿದಾಗ ನನಗೆ ಸಮಾಧಾನ ಆಗುತ್ತದೆ. ಆದರೆ ರಿವೇರಾ ಆ ಸಭೆಯ ನಂತರ ವರ್ಷಗಟ್ಟಲೆ ಚಳವಳಿಯಿಂದಲೇ ದೂರ ಉಳಿದಿದ್ದರು. ಆ ವರ್ಷಗಳನ್ನು ಅವರಿಗೆ ಯಾರೂ ವಾಪಸ್ ಕೊಡಲಿಲ್ಲ.

ಇದು ಬರೀ ಮನುಷ್ಯರ ಸಣ್ಣತನವಾಗಿದ್ದರೆ ಬುದ್ಧಿಮಾತು ಹೇಳಿ ಸರಿಪಡಿಸಬಹುದಿತ್ತು. ಇದು ಒಂದು ಏರ್ಪಾಡು ಅಂತ ನನಗೆ ಅರ್ಥ ಮಾಡಿಸಿದವರು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಭಾರತದ ಸಮಾಜ ಶ್ರೇಣೀಕೃತ ಅಸಮಾನತೆಯ ಮೇಲೆ ನಿಂತಿದೆ ಅಂದರು. ಜಾತಿಯ ಬಗ್ಗೆ ಅವರು ಬೇರೆಡೆಯೂ ಇದನ್ನೇ ಬಿಡಿಸಿ ಹೇಳಿದ್ದಾರೆ. ತಳದ ಒಬ್ಬರನ್ನು ಬಿಟ್ಟರೆ ಎಲ್ಲರಿಗೂ ಕೆಳಗೆ ಇನ್ನೊಬ್ಬರಿದ್ದಾರೆ. ಹಾಗಾಗಿ ಮೇಲಿನವರ ವಿರುದ್ಧ ಎಲ್ಲರೂ ಒಟ್ಟಾಗಿ ಏಳುವುದಿಲ್ಲ. ಇದ್ದದ್ದನ್ನೂ ಕಳೆದುಕೊಳ್ಳುವ ಭಯ ಪ್ರತಿಯೊಬ್ಬರಿಗೂ. ಜಾತಿಗೂ ಅಂಗವೈಕಲ್ಯಕ್ಕೂ ಚರಿತ್ರೆ ಬೇರೆ, ಎರಡನ್ನೂ ಒಂದೇ ಅಂತ ನಾನು ಹೇಳಲಾರೆ. ಆದರೆ ಕೆಳಗೊಬ್ಬರು ಇದ್ದಾರೆ ಅನ್ನುವ ಸಮಾಧಾನ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಬಿಡಿಸಿದವರನ್ನು ನಾನು ಓದಿಲ್ಲ.

ಮನೆ ಮಾತು ಹೊರಗೆ

ಇದನ್ನೆಲ್ಲ ಹೊರಗೆ ಬರೆಯಬೇಡಿ ಅಂತ ಕೆಲವು ಗೆಳೆಯರು ಹೇಳಿದ್ದಾರೆ. ಅವರ ಭಯ ಸುಳ್ಳಲ್ಲ. "ನೋಡಿ, ಅವರವರಲ್ಲೇ ತಾರತಮ್ಯ ಇದೆ, ಇನ್ನು ನಮ್ಮನ್ನೇನು ಕೇಳುತ್ತಾರೆ" ಅನ್ನಲು ಕಾಯುತ್ತಿರುವವರಿದ್ದಾರೆ. ಅಂಥವರಿಗೆ ನನ್ನ ಉತ್ತರ ಇಷ್ಟೇ. ಹಕ್ಕು ಕೇಳಲು ಯಾರೂ ಮೊದಲು ಸಂತರಾಗಬೇಕಿಲ್ಲ. ಬಹುಸಂಖ್ಯಾತರಲ್ಲಿ ಕೆಟ್ಟವರಿದ್ದಾರೆ ಅಂತ ಅವರ ಮತದಾನದ ಹಕ್ಕನ್ನು ಯಾರಾದರೂ ಕಿತ್ತುಕೊಳ್ಳುತ್ತಾರಾ? ಮೆಟ್ಟಿಲಿನ ಪಕ್ಕ ಇಳಿಜಾರು ಬೇಕು ಅನ್ನುವ ನನ್ನ ಬೇಡಿಕೆ, ನಮ್ಮ ಸಂಘದ ನಡತೆ ಹೇಗೇ ಇರಲಿ, ನ್ಯಾಯದ ಬೇಡಿಕೆಯೇ.

ಆದರೆ ಮುಚ್ಚಿಟ್ಟರೆ ನಷ್ಟ ಆಗುವುದು ಯಾರಿಗೆ ಅಂತಲೂ ನೋಡಬೇಕು. ಹೊರಗಿನವರು ದೂಡಿದಾಗ ನಾನು ಸಂಘಕ್ಕೆ ಬಂದೆ. ಸಂಘದವರೇ ದೂಡಿದರೆ ಆ ತಾಯಿ, ಆ ಮಗ ಎಲ್ಲಿಗೆ ಹೋಗಬೇಕು? "ಒಗ್ಗಟ್ಟು ಮುಖ್ಯ, ಈಗ ಬೇಡ" ಅಂತ ಸುಮ್ಮನಾಗಿಸಿದಾಗಲೆಲ್ಲ ಸುಮ್ಮನಾಗುವುದು ಯಾವಾಗಲೂ ಅವರೇ. ಒಗ್ಗಟ್ಟಿನ ಬೆಲೆಯನ್ನು ಪ್ರತಿ ಸಲವೂ ಹಿಂದಿನ ಸಾಲಿನವರೇ ಕಟ್ಟಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬೇರೆ ಥರ ಅರ್ಜಿ ಬರೆಯಲು ಆಗುತ್ತದೆ ಅನ್ನುವುದಕ್ಕೆ ನನ್ನ ಬಳಿ ಒಂದು ದೊಡ್ಡ ಉದಾಹರಣೆ ಇದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆ ಅದು. ಅದರ 12ನೇ ವಿಧಿ ಕಾನೂನಿನ ಮುಂದೆ ಎಲ್ಲ ಅಂಗವಿಕಲರಿಗೂ ಇತರರಷ್ಟೇ ಸಮಾನ ಸ್ಥಾನ ಕೊಡುತ್ತದೆ. ಬುದ್ಧಿ ಎಷ್ಟಿದೆ ಅಂತ ಮೊದಲು ಪರೀಕ್ಷೆ ಇಡುವುದಿಲ್ಲ. ತಮ್ಮ ನಿರ್ಧಾರ ತಾವು ಮಾಡಲು ಯಾರಿಗೆ ಸಹಾಯ ಬೇಕೋ ಅವರಿಗೆ ಸಹಾಯ ಕೊಡಿ ಅನ್ನುತ್ತದೆ. ಇದರ ಮಾತುಕತೆಯಲ್ಲಿ ನ್ಯೂಜಿಲೆಂಡಿನ ರಾಬರ್ಟ್ ಮಾರ್ಟಿನ್ ಪಾಲ್ಗೊಂಡಿದ್ದರು. ಅವರಿಗೆ ಬೌದ್ಧಿಕ ವೈಕಲ್ಯ ಇತ್ತು. ಬಾಲ್ಯದ ಹೆಚ್ಚಿನ ಭಾಗ ದೊಡ್ಡ ಆಶ್ರಮಗಳ ಗೋಡೆಯೊಳಗೆ ಕಳೆದಿತ್ತು. 2016ರಲ್ಲಿ ಅವರು ಆ ಒಡಂಬಡಿಕೆಯ ಸಮಿತಿಗೇ ಚುನಾಯಿತರಾದರು. ಬೌದ್ಧಿಕ ವೈಕಲ್ಯ ಇರುವ ಒಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಇಂಥ ಒಬ್ಬರು ಸಭೆಯಲ್ಲಿ ಕೂರಬೇಕಾದರೆ ಸಭೆಯೇ ಸ್ವಲ್ಪ ಬದಲಾಗಬೇಕಾಗುತ್ತದೆ. ಕಾಗದಪತ್ರಗಳು ಸುಲಭದ ಮಾತಿನಲ್ಲಿ ಇರಬೇಕು. ಪಕ್ಕದಲ್ಲಿ ಸಹಾಯಕರು ಕೂರಬೇಕು. ಮಾತಾಡುವವರು ನಿಧಾನ ಮಾಡಬೇಕು, ಮಧ್ಯೆ ನಿಲ್ಲಿಸಿ "ಅರ್ಥ ಆಗಲಿಲ್ಲ" ಅಂತ ಹೇಳಲು ಎಲ್ಲರಿಗೂ ಅವಕಾಶ ಇರಬೇಕು. ನಮ್ಮ ಬಳಗದಲ್ಲಿ ನಾನು ಇದನ್ನು ಪ್ರಸ್ತಾಪಿಸಿದಾಗ "ಅಷ್ಟೆಲ್ಲ ಟೈಮ್ ಎಲ್ಲಿದೆ, ಒಬ್ಬಿಬ್ಬರಿಗೋಸ್ಕರ" ಅಂದರು. ಇಳಿಜಾರು ಕೇಳಿದಾಗ ನಮಗೆ ಕಟ್ಟಡದವರು ಕೊಟ್ಟ ಉತ್ತರವೂ ಇದೇ ಆಗಿತ್ತು ಅಂತ ನಾನು ನೆನಪಿಸಿದೆ. ಕೆಲವರು ಒಪ್ಪಿದರು, ಕೆಲವರು ಇನ್ನೂ ಇಲ್ಲ. ಸದ್ಯಕ್ಕೆ ಮುಂದಿನ ಸಭೆಯ ವಿಷಯಗಳನ್ನು ದೊಡ್ಡ ಅಕ್ಷರದಲ್ಲಿ, ಸಣ್ಣ ವಾಕ್ಯಗಳಲ್ಲಿ ಬರೆದು ಮೊದಲೇ ಹಂಚುವುದು ಅಂತ ತೀರ್ಮಾನವಾಗಿದೆ. ಬರೆಯುವ ಕೆಲಸ ನನ್ನದು. ಅರ್ಥ ಆಗುತ್ತದೋ ಇಲ್ಲವೋ ಅಂತ ಓದಿ ಹೇಳುವ ಕೆಲಸಕ್ಕೆ ಬೌದ್ಧಿಕ ವೈಕಲ್ಯ ಇರುವ ಇಬ್ಬರನ್ನು ಕೇಳಿದ್ದೇವೆ, ಒಪ್ಪಿದ್ದಾರೆ. ಮೊದಲ ಕರಡಿನಲ್ಲೇ ಅರ್ಧಕ್ಕರ್ಧ ಸಾಲುಗಳ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟಿದ್ದಾರೆ. ಈಗ ಎರಡನೆಯದು ಬರೆಯುತ್ತಿದ್ದೇನೆ.